ಡಬ್ಬಿಗೊಂದು ದೀಪ

ಡಬ್ಬಿಗೆ ದೀಪವಿರಲಿಲ್ಲ. ಆ ರವಿವಾರ ತಿಳವಳ್ಳಿಯಲ್ಲಿ ನಡೆದ ರಾದ್ಧಾಂತಕ್ಕೆಲ್ಲ ಮೂಲ ಇದೊಂದೇ.

ಡಬ್ಬಿ ಅಂದರೆ ಧೀರೇಂದ್ರನ ಗಿಟಾರಿನ ಡಬ್ಬಿ. ಸವಣೂರಿನಿಂದ ಅವನ ತಾಯಿ ಮೆಂತ್ಯಹಿಟ್ಟು ತುಂಬಿ ಕಳಿಸಿದ್ದ ಸ್ಟೀಲ್ ಡಬ್ಬಿ ಅದು. ಹಿಟ್ಟು ತಿಂದು ಮುಗಿಸಿದ ಮೇಲೆ ಅದರೊಳಗೆ ತಂತಿ, ಟ್ರಾನ್ಸಿಸ್ಟರು, ಒಂದು ಚೌಕ ಬ್ಯಾಟರಿ ಎಲ್ಲ ಕೂಡಿಸಿ, ಬೆರಳು ಸುಟ್ಟುಕೊಂಡು, ಅದಕ್ಕೊಂದು ವಿದ್ಯೆ ಕಲಿಸಿದ್ದ. ಗಿಟಾರಿನ ದನಿ ಡಬ್ಬಿಯನ್ನು ಹಾದು ಸ್ಪೀಕರಿಗೆ ಹೋಗುತ್ತದೆ. ಡಬ್ಬಿಯ ಮೇಲಿನ ಗುಂಡಿಯನ್ನು ಕಾಲಿಂದ ಒತ್ತಿದರೆ ಹಾಲಿನಂಥ ದನಿ ಹುಲಿಯಾಗಿ ಗುರ್ರೆನ್ನುತ್ತದೆ. ಇನ್ನೊಮ್ಮೆ ಒತ್ತಿದರೆ ಮತ್ತೆ ಹಾಲು. ಆದರೆ ತಂತಿ ಮೀಟುವ ತನಕ ಡಬ್ಬಿ ಈಗ ಹಾಲೋ ಹುಲಿಯೋ ಎಂಬುದು ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ.

ಅದರ ಫಲವನ್ನು ಧೀರೇಂದ್ರ ಹೈಸ್ಕೂಲಿನ ವಾರ್ಷಿಕ ಗ್ಯಾದರಿಂಗಿನಲ್ಲಿ ಉಂಡಿದ್ದ. ಬ್ಯಾಂಕಿನ ಕ್ಲಾರ್ಕ್ ಸಾಹೇಬರು ಗಿಟಾರ್ ಬಾರಿಸುತ್ತಾರಂತೆ ಎಂದು ಯಾರೋ ಕರೆದರು. ಇವನು ತಾನೇ ಕಟ್ಟಿದ ಒಂದು ಮೆತ್ತನೆಯ ರಾಗ ಬಾರಿಸಲು ಕಣ್ಣು ಮುಚ್ಚಿ ತಂತಿ ಮೀಟಿದ. ಹುಲಿ ಬಂತು. ಸ್ಪೀಕರ್ ಶಾರ್ಟ್ ಆಯಿತೆಂದು ತಿಳಿದು ಹೆಡ್‌ಮಾಸ್ತರರು ಓಡಿಹೋಗಿ ಮೇನ್ ಸ್ವಿಚ್ಚನ್ನೇ ಕಿತ್ತರು. ಮುಖ್ಯ ಅತಿಥಿಗಳಿಗೆ ಹಾಕಬೇಕಾಗಿದ್ದ ಹಾರ ಕತ್ತಲಲ್ಲಿ ಜವಾನನ ಕೊರಳಿಗೆ ಬಿತ್ತು.

ಮರುದಿನ ಊರಲ್ಲಿ ಎಲ್ಲರೂ ನಕ್ಕರು. ಗಣಿತದ ಟೀಚರ್ ಪದ್ಮಜಾ ಮಾತ್ರ ಬ್ಯಾಂಕಿನ ಕೌಂಟರಿಗೆ ಬಂದು, “ಕರೆಂಟ್ ಹೋದ ಮ್ಯಾಲೂ ನೀವು ಕತ್ತಲದಾಗ ಸ್ವಲ್ಪ ಹೊತ್ತು ಬಾರಿಸಿದ್ರಿ. ಸಣ್ಣಗ ಕೇಳಸ್ತಿತ್ತು. ಭಾಳ ಛಂದ ಇತ್ತು. ಒಮ್ಮೆ ಪೂರ್ತಿ ಕೇಳಬೇಕು ನೋಡ್ರಿ,” ಅಂದಿದ್ದಳು.

ಈ ಮಾತನ್ನು ಧೀರೇಂದ್ರ ಆರು ತಿಂಗಳು ಚಪ್ಪರಿಸಿದ. ಬೇರೆ ಇನ್ನೇನಿತ್ತು ಚಪ್ಪರಿಸಲಿಕ್ಕೆ? ಲಕ್ಷ್ಮಪ್ಪನ ಮಾಳಿಗೆ ಮೇಲಿನ ಒಂಟಿ ಕೋಣೆ, ಹಗಲೆಲ್ಲ ಪಾಸ್‌ಬುಕ್ ಎಂಟ್ರಿ, ಸಂಜೆ ಗೋಡೆಗೆ ಮುಖ ಮಾಡಿ ಗಿಟಾರ್. ಗೋಡೆ ಒಳ್ಳೆಯ ಶ್ರೋತೃವೇ, ತಕರಾರಿಲ್ಲ. ಆದರೆ ವಾಹ್ ಅನ್ನುವುದಿಲ್ಲ. ನಲವತ್ತು ಹತ್ತಿರ ಬಂದ ಮನುಷ್ಯನಿಗೆ ಒಬ್ಬರಾದರೂ ವಾಹ್ ಅನ್ನಬೇಕು ಅನ್ನಿಸುವುದು ದೊಡ್ಡ ಆಸೆಯೇನಲ್ಲ.

ಈಗ ಪದ್ಮಜಾಳಿಗೆ ಹಿರೇಕೆರೂರಿಗೆ ವರ್ಗವಾಗಿತ್ತು. ಸೋಮವಾರ ಅಲ್ಲಿ ಹಾಜರಾಗಬೇಕು. ರವಿವಾರ ಸಂಜೆಯ ಬಸ್ಸು ಹಿಡಿಯುವ ಮುಂಚೆ ಲಕ್ಷ್ಮಪ್ಪನ ಮನೆಗೆ ಬಂದು ಕೇಳಿಕೊಂಡೇ ಹೋಗುತ್ತೇನೆ ಎಂದು ಅವಳೇ ಹೇಳಿಕಳಿಸಿದ್ದಳು. ಒಂದೇ ಸಂಜೆ, ಒಂದೇ ಅವಕಾಶ. ಈ ಸಲ ಹುಲಿ ತಪ್ಪಿಯೂ ಮೊದಲು ಬರಬಾರದು. ಅದಕ್ಕೇ ಡಬ್ಬಿಗೊಂದು ದೀಪ ಬೇಕಿತ್ತು. ಹತ್ತಿದರೆ ಹುಲಿ, ಆರಿದರೆ ಹಾಲು.

ಬೆಳಿಗ್ಗೆ ಅವನು ಡಬ್ಬಿಯ ಸ್ಕ್ರೂ ಬಿಚ್ಚಬೇಕು ಅನ್ನುವಷ್ಟರಲ್ಲಿ ಹೊರಗಿನಿಂದ ಮನೆಯೊಡತಿ ಯಂಕವ್ವನ ಕೂಗು ಬಂತು.

“ಸಾಹೇಬ್ರ, ಮಂಗ್ಯಾ ಬಂದಾವ್ರಿ! ಒಂದೀಟು ನಿಮ್ಮ ಡಬ್ಬಿ ಒತ್ತರಿ!”

ಧೀರೇಂದ್ರನ ಸಂಗೀತಕ್ಕೆ ಊರಲ್ಲಿದ್ದ ಏಕೈಕ ಬೇಡಿಕೆ ಇದು. ಮಾಳಿಗೆಯ ಮೇಲೆ ಯಂಕವ್ವ ಸಂಡಿಗೆ ಒಣಹಾಕಿದಾಗಲೆಲ್ಲ ಬೇವಿನ ಗಿಡದಿಂದ ಮಂಗಗಳು ಇಳಿಯುತ್ತಿದ್ದವು. ಇವನು ಕಿಟಕಿಯಲ್ಲಿ ಸ್ಪೀಕರ್ ಇಟ್ಟು ಮೀಟಿದ. ಹಾಲು ಬಂತು. ಮಂಗಗಳು ಕದಲಲಿಲ್ಲ. ಒಂದು ಮುದಿ ಗಡವ ಮಂಗ ಸಂಡಿಗೆ ಕಡಿಯುತ್ತ ಹಾಯಾಗಿ ಕಾಲು ಚಾಚಿತು.

“ಉಲ್ಟಾ ಒತ್ತೀರಿ! ಹೊಳ್ಳಿ ಒತ್ತರಿ!” ಎಂದು ಯಂಕವ್ವ ಚೀರಿದಳು.

ಒತ್ತಿದ. ಹುಲಿ ಗುರ್ರೆಂದಿತು. ಮಂಗಗಳು ಗಿಡ ಸೇರಿದವು.

ಸಪ್ಪಳ ಕೇಳಿ ಮೇಲೆ ಬಂದ ಲಕ್ಷ್ಮಪ್ಪ, ಧೀರೇಂದ್ರ ಆಗಷ್ಟೇ ಬಿಚ್ಚಿದ ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ತನ್ನ ಮನೆಯಲ್ಲಿ ಯಾರು ಯಾವ ಕೆಲಸ ಮಾಡಿದರೂ ಅದರಲ್ಲಿ ಕೈಯಾಡಿಸುವುದು ಮಾಲೀಕನ ಹಕ್ಕು ಎಂದು ಅವನು ತಿಳಿದಿದ್ದ.

“ಏನ್ ನಡಸೀರಿ ಸಾಹೇಬ್ರ?”

“ಡಬ್ಬಿಗೊಂದು ಸಣ್ಣ ದೀಪ ಹಚ್ಚಲಿಕ್ಕತ್ತೇನ್ರಿ. ಒಂದು ತೂತು ಹಾಕಬೇಕು, ಅಷ್ಟ.”

“ತೂತು ಹಾಕೂದು ನನಗ ಬಿಡ್ರಿ. ಬ್ಯಾಂಕಿನ ಮಂದಿ ಕೈಯಾಗ ಅದು ಆಗೂದಲ್ಲ.”

ಬೇಡ ಬೇಡ ಅನ್ನುವಷ್ಟರಲ್ಲಿ ಲಕ್ಷ್ಮಪ್ಪ ಕೆಳಗೆ ಹೋಗಿ, ಬಾಗಿಲಿಗೆ ಕೀಲಿ ಕೂಡಿಸುವಾಗ ಬಳಸಿದ್ದ ದಪ್ಪ ಡ್ರಿಲ್ ತಂದ. ಅವರೆಕಾಳು ಹೋಗುವ ತೂತು ಬೇಕಿತ್ತು. ನಿಂಬೆಹಣ್ಣು ಹೋಗುವ ತೂತು ಆಯಿತು.

“ಇರ್ಲಿ ಬಿಡ್ರಿ, ಗಾಳಿ ಆಡತೈತಿ,” ಎಂದ ಲಕ್ಷ್ಮಪ್ಪ, ಹುಬ್ಬಳ್ಳಿಯಿಂದ ತಂದು ಕಡ್ಡಿಪೆಟ್ಟಿಗೆಯಲ್ಲಿ ಜೋಪಾನ ಮಾಡಿದ್ದ ಕೆಂಪು ಎಲ್‌ಇಡಿಯನ್ನು ಎತ್ತಿಕೊಂಡ. “ಇದು ಹತ್ತತೈತೋ ಇಲ್ಲೋ ಮೊದಲ ನೋಡೂಣು,” ಎಂದವನೇ ಅದರ ಎರಡೂ ಕಾಲನ್ನು ನೇರ ಬ್ಯಾಟರಿಗೆ ಹಿಡಿದ.

ದೀಪ ಒಮ್ಮೆ ಫಕ್ಕನೆ ಮಿಂಚಿತು. ಆಮೇಲೆ ಕಣ್ಣು ತೆರೆಯಲಿಲ್ಲ.

“ಡುಪ್ಲಿಕೇಟ್ ಮಾಲು ಐತ್ರಿ,” ಎಂದು ತೀರ್ಪು ಕೊಟ್ಟು ಲಕ್ಷ್ಮಪ್ಪ ನಾಷ್ಟಾಕ್ಕೆ ಇಳಿದುಹೋದ.

ರವಿವಾರ ತಿಳವಳ್ಳಿಯಲ್ಲಿ ಬಾಗಿಲು ತೆರೆದ ಎಲೆಕ್ಟ್ರಿಕ್ ಅಂಗಡಿ ಒಂದೇ. ಅದು ಉಳಿವೆಪ್ಪನ ಮೋಟರ್ ವೈಂಡಿಂಗ್ ಅಂಗಡಿ. ಹೊಲದ ಮೋಟರುಗಳು ವಾರ ನೋಡಿ ಸುಡುವುದಿಲ್ಲವಲ್ಲ. ಬೇಸಿಗೆಯ ಭತ್ತ, ಗೋವಿನಜೋಳ ನೀರು ಕೇಳುವ ಕಾಲ. ಅಂಗಡಿಯ ಕಟ್ಟೆಯ ಮೇಲೆ ಸುಟ್ಟ ಮೋಟರುಗಳ ನಡುವೆ ಒಂದಿಷ್ಟು ರೈತರು ಸುಟ್ಟ ಮುಖ ಮಾಡಿಕೊಂಡು ಕೂತಿದ್ದರು. ಲಕ್ಷ್ಮಪ್ಪನ ಹಿಂದಿನ ಓಣಿಯ ಮಾಲತೇಶನೂ ಇದ್ದ.

“ಮೋಟರಿಗೆ ತ್ರೀ ಫೇಜ್ ಕರೆಂಟ್ ಇವತ್ತರ ಯಾವಾಗ ಕೊಡ್ತಾರಂತ?” ಎಂದು ಒಬ್ಬ ಕೇಳಿದರೆ, “ಅವರಿಗೆ ಮನಸ್ ಬಂದಾಗ,” ಎಂದು ಇನ್ನೊಬ್ಬ.

“ಮನ್ಯಾಗ ಕುಂತ್ರ ಗೊತ್ತಾಗೂದುಲ್ಲ, ಹೊಲದಾಗ ಕುಂತ್ರ ಬರೂದುಲ್ಲ. ತಾನ ಚಾಲೂ ಆಗೂ ಸ್ಟಾರ್ಟರ್ ಹಚ್ಚಿದ್ನಿ, ಅದು ಮೋಟರ್ ಸುಟ್ಟು ಕುಂತಿತ್ತು. ಈಗ ರಿಪೇರಿ ಆಗೇತಿ, ಒಯ್ದು ಕೂಡಸ್ತೇನಿ,” ಎಂದ ಮಾಲತೇಶ.

ಧೀರೇಂದ್ರ ಡಬ್ಬಿಯ ತೂತು ತೋರಿಸಿದ. ಉಳಿವೆಪ್ಪ ಅದರೊಳಗೆ ಹೆಬ್ಬೆರಳು ತೂರಿಸಿ ಅಳತೆ ನೋಡಿದ. ಬಳಿಕ ಮೂಲೆಯಲ್ಲಿದ್ದ ಹಳೆಯ ಸ್ಟಾರ್ಟರ್ ಪೆಟ್ಟಿಗೆಯಿಂದ ಕೆಂಪು ಇಂಡಿಕೇಟರ್ ದೀಪವೊಂದನ್ನು ಕಿತ್ತು ಕೂಡಿಸಿದ. ಹೇಳಿ ಮಾಡಿಸಿದಂತೆ ಕೂತಿತು.

“ಇದ ಬರೋಬ್ಬರಿ ಆತ್ರಿ. ಆದ್ರ ಇದು ದೊಡ್ಡ ಕರೆಂಟಿಂದು. ಹೊಟ್ಟಿ ತಗದು, ಗಣಪತಿ ಸೀರಿಯಲ್ ಸೆಟ್ಟಿನ ಎಲ್‌ಇಡಿ ಇಟ್ಟು, ಒಂದು ರೆಸಿಸ್ಟರ್ ಹಚ್ಚಿ ಕೊಡ್ತೇನಿ. ಸುಡಂಗಿಲ್ಲ.”

“ದೂರಕ್ಕೂ ಕಾಣಬೇಕ್ರಿ,” ಎಂದ ಧೀರೇಂದ್ರ. ನಿಂತು ಬಾರಿಸುವಾಗ ಕಾಲ ಹತ್ತಿರದ ದೀಪ ಕಣ್ಣಿಗೆ ಬೀಳಬೇಕೆಂಬುದು ಅವನ ಚಿಂತೆ.

“ಓಣಿ ಆ ತುದಿಗೆ ಕಾಣತೈತಿ, ನೀವೇನ್ ಕಾಳಜಿ ಮಾಡಬ್ಯಾಡ್ರಿ.”

ಕಟ್ಟೆಯ ಮೇಲಿನ ಮಂದಿ ಮಾತು ನಿಲ್ಲಿಸಿ ಡಬ್ಬಿಯನ್ನೇ ನೋಡುತ್ತಿದ್ದರು. ಅವನು ಹೊರಟಾಗ ಮಾಲತೇಶ ಎದ್ದು ನಿಂತು ದಾರಿ ಬಿಟ್ಟ. ಬ್ಯಾಂಕಿನಲ್ಲಿ ಸಾಲದ ಅರ್ಜಿ ಕೊಡುವ ದಿನ ಬಿಟ್ಟು ಬೇರೆ ದಿನ ಅವನು ಇಂಥ ಮರ್ಯಾದೆ ತೋರಿಸಿದ್ದನ್ನು ಧೀರೇಂದ್ರ ನೋಡಿರಲಿಲ್ಲ.

ಕೋಣೆಗೆ ಬಂದು ಬೆಸುಗೆ ಹಾಕಿದ. ಒತ್ತುವ ಗುಂಡಿಯ ಹೊಟ್ಟೆಯಲ್ಲಿ ಒಂಬತ್ತು ಕಾಲುಗಳು. ಆರು ದನಿಯ ಸೇವೆಯಲ್ಲಿದ್ದವು, ಉಳಿದ ಮೂರು ಇಷ್ಟು ದಿನ ಸುಮ್ಮನೆ ಕೂತಿದ್ದವು. ಅವುಗಳಲ್ಲಿ ಎರಡಕ್ಕೆ ದೀಪದ ತಂತಿ ಹಚ್ಚಿದ. ಒತ್ತಿದ. ಹತ್ತಲಿಲ್ಲ. ಬೆವರೊರೆಸಿ ಮತ್ತೊಮ್ಮೆ ನೋಡಿದರೆ ಪ್ಲಸ್ಸು ಮೈನಸ್ಸು ಅದಲುಬದಲಾಗಿದ್ದವು. ಬಿಚ್ಚಿ, ತಿರುಗಿಸಿ ಹಚ್ಚಿ, ಡಬ್ಬಿಯನ್ನು ಬೆಳಕಿಗೆ ಕಿಟಕಿಯ ಕಟ್ಟೆಯ ಮೇಲಿಟ್ಟು ಒತ್ತಿದ. ಆಗ ಗಂಟೆ ನಾಲ್ಕರ ಸುಮಾರು.

ಕೆಂಪು ದೀಪ ಝಗ್ಗನೆ ಹತ್ತಿತು. ಒಂದೆರಡು ತಂತಿ ಮೀಟಿದ, ಹುಲಿಯೇ. ಧೀರೇಂದ್ರನಿಗೆ ಕೂಸು ಕಣ್ಣುಬಿಟ್ಟಷ್ಟು ಸಂತೋಷವಾಯಿತು.

ಕಿಟಕಿಯ ಪಕ್ಕದಲ್ಲೇ ಟ್ರಾನ್ಸ್‌ಫಾರ್ಮರ್ ಕಂಬ. ಅದರ ಕೆಳಗೆ ಬೈಕಿನ ಮೇಲೆ ಕೂತಿದ್ದ ಮಾಲತೇಶ ತಲೆಯೆತ್ತಿ ನೋಡಿದ.

“ಹತ್ತಿತೇನ್ರಿ ಸಾಹೇಬ್ರ?”

“ಹತ್ತಿತು ನೋಡ್ರಿ!”

ಮಾಲತೇಶ ಕೈ ಮುಗಿದ, ಬೈಕಿಗೆ ಒದ್ದ, ಧೂಳೆಬ್ಬಿಸಿ ಹೋದ. ಒಂದು ದೀಪ ಹತ್ತಿದ್ದಕ್ಕೆ ಊರಲ್ಲಿ ಇನ್ನೊಬ್ಬನಿಗೂ ಖುಷಿಯಾಯಿತಲ್ಲ ಎಂದು ಧೀರೇಂದ್ರನ ಮನಸ್ಸು ತುಂಬಿತು. ಯಾಕೆ ಎಂದು ಕೇಳುವ ಗೋಜಿಗೆ ಅವನು ಹೋಗಲಿಲ್ಲ.

ಗುಂಡಿ ಒತ್ತಿ ದೀಪ ಆರಿಸಿದ. ಮಾಳಿಗೆ ಗುಡಿಸಿದ. ಸ್ಪೀಕರನ್ನು ಹೊರಗಿಟ್ಟ. ಎದುರಿಗೆ ಒಂದೇ ಒಂದು ಕುರ್ಚಿ ಹಾಕಿ, ಅದರ ಮೇಲೆ ಒಗೆದ ಟವೆಲ್ ಹಾಸಿದ. ಚುರುಮುರಿಯ ಗಿರ್ಮಿಟ್ ಕಲಸಿ ಮುಚ್ಚಿಟ್ಟ. ಇಸ್ತ್ರಿಯ ಅಂಗಿ ತೊಟ್ಟ. ಪದ್ಮಜಾ ಬಂದರೆ ಮೊದಲು ಏನು ಹೇಳಬೇಕೆಂದು ಗೋಡೆಯ ಹತ್ತಿರ ಹೇಳಿ ನೋಡಿದ.

ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾಯಿತು. ಬಂದವನು ಮಾಲತೇಶ. ಹಿಂದೆ ಮತ್ತೆ ಮೂವರು. ಎಲ್ಲರೂ ಚಪ್ಪಲಿ ಬಿಟ್ಟು ಬಂದಿದ್ದರು.

“ಇಲ್ಲೆ ಕುಂದ್ರಬಹುದೇನ್ರಿ?”

“ಯಾಕ್ರಿ, ಏನು ಬೇಕಾಗಿತ್ತು?”

“ಏನೂ ಬ್ಯಾಡ್ರಿ. ನಾಕ್ ಗಂಟೇಕ ನೀವು ಮಾಡಿದ್ದು ಭಾಳ ಉಪಕಾರ ಆತು. ಊರಾಗ ಎಲ್ಲಾರಿಗೂ ಹೇಳೇನಿ. ನೀವು ನಿಮ್ಮ ಕೆಲಸ ಮಾಡ್ರಿ, ನಾವು ಸುಮ್ನ ಕುಂತಿರ್ತೇವಿ.”

ನಾಲ್ಕು ಗಂಟೆಗೆ ದೀಪ ಪರೀಕ್ಷೆ ಮಾಡುವಾಗ ತಾನು ಒಂದೆರಡು ತಂತಿ ಮೀಟಿದ್ದು ಧೀರೇಂದ್ರನಿಗೆ ನೆನಪಾಯಿತು. ಅಷ್ಟಕ್ಕೇ ಇವರು ಮರುಳಾದರೇ! ಅವನು ಚಾಪೆ ಹಾಸುವುದರೊಳಗೆ ಮತ್ತೆ ಹೆಜ್ಜೆಗಳು. ವೈಂಡಿಂಗ್ ಅಂಗಡಿಯ ಕಟ್ಟೆಯೇ ಎದ್ದು ಬಂದಿತ್ತು. ಯಂಕವ್ವ ಗೊಣಗುತ್ತ ಸಂಡಿಗೆ ಹರವಿದ್ದ ಸೀರೆಯನ್ನು ಪ್ಯಾರಾಪೆಟ್ ಗೋಡೆಯ ಹತ್ತಿರ ಎಳೆದಳು. ಪದ್ಮಜಾಳ ಕುರ್ಚಿಯಲ್ಲಿ ಒಬ್ಬ ಹಿರಿಯರು ಟವೆಲ್ ಸಮೇತ ಕೂತುಬಿಟ್ಟರು. ಎಬ್ಬಿಸಲು ಬಾಯಿ ಬರಲಿಲ್ಲ. ಮಾಳಿಗೆ ತುಂಬಿತು, ಮೆಟ್ಟಿಲು ತುಂಬಿತು.

ಹೇಳಿದ ಹೊತ್ತಾಗಿತ್ತು. ಪದ್ಮಜಾ ಕಾಣಲಿಲ್ಲ. ಬರುತ್ತಾಳೆ, ಬಂದಾಗ ಇಷ್ಟು ಮಂದಿಯ ನಡುವೆ ತಾನು ಬಾರಿಸುವುದನ್ನು ನೋಡುತ್ತಾಳೆ ಎಂದುಕೊಂಡು ಧೀರೇಂದ್ರ ಗಿಟಾರ್ ಎತ್ತಿಕೊಂಡ. ಡಬ್ಬಿಯತ್ತ ನೋಡಿದ. ದೀಪ ಆರಿದೆ. ಹಾಗಾದರೆ ಹಾಲು. ಏನು ನೆಮ್ಮದಿ!

ಮೀಟಿದ. ಜನ ಮಿಸುಕಲಿಲ್ಲ. ಒಬ್ಬನೂ ಕೆಮ್ಮಲಿಲ್ಲ, ಯಾರ ಮೊಬೈಲೂ ಕೂಗಲಿಲ್ಲ, ಬೀಡಿ ಹಚ್ಚಲು ಹೋದವನ ಕೈಯನ್ನು ಪಕ್ಕದವನು ಹಿಡಿದ. ಎಲ್ಲರ ಕಣ್ಣೂ ಧೀರೇಂದ್ರನ ಪಾದದ ಮೇಲೆ. ಎಷ್ಟು ವಿನಯ! ಮುಖ ನೋಡಲೂ ಸಂಕೋಚಪಡುವ ಶ್ರೋತೃಗಳು! ಎರಡು ವರ್ಷ ಈ ಊರಲ್ಲಿ ತಾನು ಒಂಟಿ ಎಂದುಕೊಂಡದ್ದು ತನ್ನದೇ ತಪ್ಪು ಅನ್ನಿಸಿತು. ಅವನ ಬೆರಳು ಎಂದೂ ಇಲ್ಲದಷ್ಟು ಹಗುರಾಗಿ ಓಡಿತು. ಆ ಸಂಜೆ ಅವನು ನಿಜಕ್ಕೂ ಚೆನ್ನಾಗಿ ಬಾರಿಸಿದ. ಅದನ್ನು ಹೇಳಲು ಈಗ ಕತೆಗಾರನಾದ ನಾನೊಬ್ಬನೇ ಇದ್ದೇನೆ, ಹೇಳಿಬಿಡುತ್ತೇನೆ.

ರಾಗ ನಡುಮಧ್ಯಕ್ಕೆ ಬಂತು. ಹುಲಿ ಬರಬೇಕಾದ ಜಾಗ. ಧೀರೇಂದ್ರ ಕಾಲೆತ್ತಿದ. ಜನ ಒಟ್ಟಿಗೆ ಮುಂದಕ್ಕೆ ಬಾಗಿದರು. ಒತ್ತಿದ. ಕೆಂಪು ದೀಪ ಹತ್ತಿತು.

“ಬಂತೋ ಬಂತು!”

ಇಡೀ ಮಾಳಿಗೆ ಎದ್ದು ನಿಂತಿತು. ಇಂಥ ಗೌರವ ದೊಡ್ಡ ವಿದ್ವಾಂಸರಿಗೂ ಸಿಗುವುದಿಲ್ಲವೆಂದು ಧೀರೇಂದ್ರ ತಲೆಬಾಗಿ ನಮಸ್ಕಾರ ಮಾಡಿ ತಲೆಯೆತ್ತುವುದರೊಳಗೆ ಮಾಳಿಗೆ ಖಾಲಿ. ಮೆಟ್ಟಿಲಲ್ಲಿ ದಡದಡ ಸಪ್ಪಳ, ಕೆಳಗೆ ಬೈಕುಗಳ ಗದ್ದಲ, “ನನ್ನ ಚಪ್ಲಿ ಯಾವನೋ ಹಾಕ್ಕೊಂಡು ಹೋದ!” ಎಂಬ ಕೂಗು. ಕುರ್ಚಿಯ ಹಿರಿಯರು ಎಲ್ಲರಿಗಿಂತ ಮುಂದೆ ಓಡಿದ್ದರು. ಟವೆಲ್ ಅವರ ಹೆಗಲ ಮೇಲೆ ಹೋಗಿತ್ತು. ಹುಲಿ ಒಂದೇ ಖಾಲಿ ಮಾಳಿಗೆಯಲ್ಲಿ ಗುರ್ರೆನ್ನುತ್ತಿತ್ತು.

ಧೀರೇಂದ್ರ ಕೂತ. ಹುಲಿಯ ಭಾಗ ಸ್ವಲ್ಪ ಹೆಚ್ಚಾಯಿತೇನೋ ಎಂದು ಯೋಚಿಸಿದ. ಇನ್ನೂ ಯೋಚಿಸುತ್ತಿರುವಾಗಲೇ ಮಾಲತೇಶ ಹೊಳ್ಳಿ ಬಂದ. ಮೊಣಕಾಲಿನ ತನಕ ಕೆಸರು, ಮುಖದಲ್ಲಿ ಕೆಂಡ.

“ಏನ್ರಿ ಸಾಹೇಬ್ರ, ನಿಮ್ಮ ದೀಪಾ ಹತ್ತೇತಿ, ಮೋಟರ್ ಹೊಂಡವಲ್ದು! ಹೊಲದ ತನಕ ಓಡಿ ಬಂದ್ವಿ!”

“ಯಾವ ಮೋಟರ್?”

“ತ್ರೀ ಫೇಜ್ ಬಂದದ್ದು ತೋರಸಾಕ ನೀವು ಕಂಬದಿಂದ ವಾಯರ್ ಎಳದು ಇಂಡಿಕೇಟರ್ ಹಚ್ಚೀರಲ್ರಿ. ನಾಕ್ ಗಂಟೇಕ ದೀಪಾ ಹತ್ತಿತು, ಕರೆಂಟೂ ಬಂದಿತ್ತು. ಅರ್ಧಾ ತಾಸಿಗೆ ಹೋತು. ಸಂಜೀಕ ಮತ್ತ ಕೊಡ್ತಾರಂತ ಮಂದಿ ಕಾಯಾಕತ್ತಿತ್ತು.”

ಕಾಗೆ ಕೂಡುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಗಿತ್ತು. ಸ್ಟಾರ್ಟರ್ ಪೆಟ್ಟಿಗೆಯ ಕೆಂಪು ದೀಪ ಆ ಮಂದಿಗೆ ಹುಟ್ಟಿದಾಗಿನಿಂದ ಒಂದೇ ಸುದ್ದಿ ಹೇಳುತ್ತ ಬಂದಿದೆ. ಅದು ಗಿಟಾರಿನ ಡಬ್ಬಿಯ ಮೇಲೆ ಕೂತು ಬೇರೆ ಸುದ್ದಿ ಹೇಳೀತು ಎಂದು ಯಾರು ಎಣಿಸುತ್ತಾರೆ?

“ಹಂಗಾರ,” ಧೀರೇಂದ್ರನ ದನಿ ಸಣ್ಣಗಾಯಿತು, “ನೀವೆಲ್ಲ ನನ್ನ ಗಿಟಾರ್ ಕೇಳ್ಲಿಕ್ಕೆ ಬಂದಿದ್ದಿಲ್ಲೇನ್ರಿ?”

ಮಾಲತೇಶ ಅವನನ್ನು ನೋಡಿದ. ಖಾಲಿ ಕುರ್ಚಿ ನೋಡಿದ. ಇಸ್ತ್ರಿಯ ಅಂಗಿ ನೋಡಿದ. ಅವನ ಸಿಟ್ಟು ಇಳಿಯಿತು.

“ತಪ್ಪ್ ತಿಳೀಬ್ಯಾಡ್ರಿ ಸಾಹೇಬ್ರ. ಗಿಟಾರಿಂದೇನು ನಮಗ ತ್ರಾಸ್ ಆಗ್ಲಿಲ್ರಿ,” ಎಂದು ಸಮಾಧಾನ ಹೇಳಿ, “ಆದ್ರ ಆ ದೀಪಾ ಮುಚ್ಚರಿ. ಮಂದಿ ಮತ್ತ ಓಡತೈತಿ,” ಎಂದು ತಾನೇ ಜೇಬಿನಿಂದ ಕಪ್ಪು ಟೇಪು ತೆಗೆದು, ಕೆಂಪು ದೀಪಕ್ಕೆ ಎರಡು ಸುತ್ತು ಸುತ್ತಿ, ಹೆಬ್ಬೆರಳಿಂದ ಒತ್ತಿ ಹೋದ.

ಡಬ್ಬಿ ಮತ್ತೆ ಕುರುಡಾಯಿತು. ಹೋಗಲಿ, ಮಂದಿ ತೊಲಗಿತಲ್ಲ, ಇನ್ನಾದರೂ ಪದ್ಮಜಾ ನೆಮ್ಮದಿಯಾಗಿ ಕೂತು ಕೇಳುತ್ತಾಳೆ ಎಂದು ಧೀರೇಂದ್ರ ಮೆಟ್ಟಿಲಿಗೆ ಬಂದ. ಕೆಳಗಿನಿಂದ ಯಂಕವ್ವ ಒಂದು ಸ್ಟೀಲ್ ಡಬ್ಬಿ ಹಿಡಿದು ಹತ್ತುತ್ತಿದ್ದಳು.

“ಟೀಚರ್ ಬಾಯಾರು ಕೊಟ್ಟು ಹೋದ್ರಿ. ಚಕ್ಕಲಿ ಅದಾವಂತ. ತಿಂದು ಮುಗದ ಮ್ಯಾಲ ಖಾಲಿ ಡಬ್ಬಿ ನಿಮಗ ಏನರ ಮಾಡಾಕ ಬರತೈತಿ ಅಂದ್ರು.”

“ಹೋದ್ರೇನು? ಮ್ಯಾಲೆ ಯಾಕ ಬರ್ಲಿಲ್ಲ?”

“ಬಂದಿದ್ರಲ್ರಿ. ಹತ್ತಾಕ ಬಂದ್ರ ಪಾವಟಿಗಿ ತುಂಬ ಚಪ್ಲಿ. ನೋಡಿ ನಿಂತ್ರು. ‘ಅವರು ನನ್ನಂಗ ಒಬ್ಬರ ಇರ್ತಾರಂತ ತಿಳಿದಿದ್ನಿ. ಇಡೀ ಊರ ಕೇಳ್ಲಿಕ್ಕೆ ಬಂದದ, ನಾ ಒಬ್ಬಾಕಿ ಇಲ್ಲದಿದ್ರ ಏನಾತು’ ಅಂತ ನಕ್ಕು ಬಸ್ಸಿಗೆ ಹೋದ್ರು.”

ಧೀರೇಂದ್ರ ಚಕ್ಕಲಿಯ ಡಬ್ಬಿಯನ್ನು ಗಿರ್ಮಿಟ್ಟಿನ ಪಕ್ಕ ಇಟ್ಟ. ಆಮೇಲೆ ಫೋನ್ ತೆಗೆದ. ಆಚೆ ಬಸ್ಸಿನ ಗದ್ದಲದ ನಡುವೆ ಪದ್ಮಜಾಳ ದನಿ ಕೇಳಿಸಿತು.

“ಬಸ್ಸಿನ್ಯಾಗ ಇದ್ದೇನ್ರಿ. ಕಾರ್ಯಕ್ರಮ ಛಲೋ ಆತೇನು?”

“ಅವರು ನನ್ನ ಕೇಳ್ಲಿಕ್ಕೆ ಬಂದಿದ್ದಿಲ್ರಿ!”

“ಏನಂದ್ರಿ? ಕೇಳಸವಲ್ದು.”

“ಏನಿಲ್ಲ. ಈಗ ಬಾರಸ್ತೇನಿ. ನೀವು ಒಬ್ಬರ ಕೇಳ್ತೀರೇನು?”

“ಬಾರಸ್ರಿ. ಕಿವಿಗೆ ಹಚ್ಚಿಕೊಂಡ ಕೂತಿರ್ತೇನಿ.”

ಫೋನನ್ನು ಖಾಲಿ ಕುರ್ಚಿಯ ಮೇಲೆ ಒರಗಿಸಿಟ್ಟ. ಡಬ್ಬಿ ಈಗ ಹಾಲೋ ಹುಲಿಯೋ? ಗಲಾಟೆಯಲ್ಲಿ ಮರೆತೇಹೋಗಿತ್ತು. ಟೇಪು ಏನೂ ಹೇಳಲಿಲ್ಲ. ದೇವರ ಮೇಲೆ ಭಾರ ಹಾಕಿ ಒಮ್ಮೆ ಒತ್ತಿ, ಉಸಿರು ಬಿಗಿಹಿಡಿದು ಮೀಟಿದ. ಹಾಲು! ಗ್ಯಾದರಿಂಗಿನ ಕತ್ತಲಲ್ಲಿ ಅವಳು ಕೇಳಿದ್ದ ಅದೇ ಮೆತ್ತನೆಯ ದನಿ. ಹುಲಿಯನ್ನು ಕರೆಯುವ ಗೊಡವೆಗೇ ಅವನು ಹೋಗಲಿಲ್ಲ. ಕಣ್ಣು ಮುಚ್ಚಿ ರಾಗವನ್ನು ಮೊದಲಿನಿಂದ ಕೊನೆಯ ತನಕ ಹಾಲಿನಲ್ಲೇ ಬಾರಿಸಿದ. ಪೂರ್ತಿ.

ಕೊನೆಯ ತಂತಿ ನಿಂತ ಮೇಲೆ ಫೋನ್ ಎತ್ತಿಕೊಂಡು, “ಹೆಂಗಿತ್ರಿ?” ಎಂದು ಕೇಳಿದ. ಉತ್ತರ ಬರಲಿಲ್ಲ. ನೋಡಿದರೆ ಕರೆ ಯಾವಾಗಲೋ ಕಟ್ಟಾಗಿತ್ತು. ಊರು ದಾಟಿದ ಕೂಡಲೇ ರೇಂಜ್ ಹೋಗುತ್ತದೆಂಬುದು ತಿಳವಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಅವನಿಗೂ ಗೊತ್ತಿತ್ತು. ರಾಗದ ಮೊದಲ ಸಾಲಾದರೂ ಅವಳಿಗೆ ಮುಟ್ಟಿತೋ ಇಲ್ಲವೋ.

“ಅಯ್ಯ ಸಾಹೇಬ್ರ!” ಮೆಟ್ಟಿಲಿನಿಂದ ಯಂಕವ್ವ ಚೀರಿದಳು. “ಕಣ್ ಮುಚ್ಚಿ ಏನ್ ಬಾರಸಾಕತ್ತೀರಿ! ಗ್ವಾಡಿ ಮ್ಯಾಲ ನೋಡ್ರಿ!”

ಧೀರೇಂದ್ರ ತಿರುಗಿದ. ಪ್ಯಾರಾಪೆಟ್ ಗೋಡೆಯ ಮೇಲೆ ಇಡೀ ಹಿಂಡು ಸಾಲಾಗಿ ಕೂತಿತ್ತು. ತಾಯಿಮಂಗದ ಹೊಟ್ಟೆಗಂಟಿದ ಮರಿ, ಅದರ ಪಕ್ಕ ಬೆಳಗಿನ ಮುದಿ ಗಡವ. ಎಲ್ಲರ ಕೈಯಲ್ಲೂ ಸಂಡಿಗೆ ಇತ್ತು ನಿಜ, ಆದರೆ ಒಂದೂ ಜಾಗ ಬಿಟ್ಟು ಕದಲಿರಲಿಲ್ಲ. ಎಲ್ಲವೂ ಅವನ ಮುಖವನ್ನೇ ನೋಡುತ್ತಿದ್ದವು, ಪಾದವನ್ನಲ್ಲ. ಗಡವ ಮೆಲ್ಲಗೆ ತಲೆ ಕೆರೆದುಕೊಂಡು, ಇನ್ನೊಂದು ಆಗಲಿ ಎಂಬಂತೆ ಕಾಲು ಚಾಚಿ ಕೂತಿತು.

ಅವನ ರಾಗವನ್ನು ಎದ್ದು ಹೋಗದೆ ಪೂರ್ತಿ ಕೇಳಿದವರು ಇವರೇ ಮೊದಲು.

“ನಿಂತು ಏನ್ ನೋಡ್ತೀರಿ? ಸಂಡಿಗಿ ಖಾಲಿ ಆಗಾಕತ್ತಾವು! ಒತ್ತರಿ ನಿಮ್ಮ ಡಬ್ಬಿ!”

ಮನಸ್ಸು ಬರಲಿಲ್ಲ. ಆದರೆ ಮನೆ ಲಕ್ಷ್ಮಪ್ಪನದು, ಸಂಡಿಗೆ ಯಂಕವ್ವನದು. ಧೀರೇಂದ್ರ ಕಾಲೆತ್ತಿ ಒತ್ತಿ, ತಂತಿ ಮೀಟಿದ. ಹುಲಿ ಗುರ್ರೆಂದಿತು. ಗೋಡೆ ಖಾಲಿಯಾಯಿತು. ಟೇಪಿನ ಅಡಿಯಲ್ಲಿ ದೀಪ ಹತ್ತಿದ್ದಿರಬೇಕು.

ಯಂಕವ್ವ ಸಂತೋಷದಿಂದ ಚಪ್ಪಾಳೆ ತಟ್ಟಿದಳು.

“ಹಾಂ! ಈಗ ನೋಡ್ರಿ ಬರೋಬ್ಬರಿ ಬಾರಿಸಿದ್ರಿ!”